ತಂತಿಯಂತೆ ಸರಿದ ಮುದಕಪ್ಪ

ಒಂದೂರಿನಲ್ಲಿ ನಿಂಬೆವ್ವ ಎಂಬ ತಾಯಿ, ಅವಳಿಗೆ ಮುದಕಪ್ಪನೆಂಬ ಒಬ್ಬನೇ ಮಗ. ಮಗನ ವಯಸ್ಸು ಮೂವತ್ತು. ಬುದ್ಧಿ ಇನ್ನೂ ದಾರಿಯಲ್ಲಿತ್ತು. ಮೋಟಾರು ರಿಪೇರಿಯ ದಾವಲಸಾಬನಿಗೆ ತಾಮ್ರದ ತಂತಿಯನ್ನು ರೀಲಿಗೆ ಸುತ್ತಿಕೊಡುವುದು ನಿಂಬೆವ್ವನ ಕಸುಬು. ಒಮ್ಮೆ ಅವಳ ಹೆಬ್ಬೆರಳು ಮುರಿಯಿತು. ತಂತಿ ಸುತ್ತುವ ಕೈಯಂತ್ರದ ಮುಂದೆ ಮಗನನ್ನೇ ಕೂರಿಸಬೇಕಾಯಿತು.

“ತಂತಿ ಮ್ಯಾಲೆ ತಂತಿ ಹತ್ತಬಾರದು, ತಿಳೀತೇನು?”

“ತಿಳೀತವ್ವ!”

ಮುದಕಪ್ಪ ಸುತ್ತಿದ. ಹತ್ತಬಾರದಲ್ಲವೆ? ಸುತ್ತಿಗೂ ಸುತ್ತಿಗೂ ನಡುವೆ ಬೆರಳಗಲ ಜಾಗ ಬಿಟ್ಟು ಸುತ್ತಿದ. ಎಂಟು ಸುತ್ತಿಗೆ ರೀಲಿನ ಅಂಚು ಬಂತು. ನಿಲ್ಲಿಸಿದ. ಉಳಿದ ತಂತಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋದ.

ದಾವಲಸಾಬ ಹಣೆ ಚಚ್ಚಿಕೊಂಡ. “ಲೇ ಹುಚ್ಚಪ್ಪ! ಹೆಗಲೇನು ರೀಲೇನೋ? ಸಂದು ಬಿಡಬ್ಯಾಡ, ಎಲ್ಲಾ ತಂತಿ ಸುತ್ತು!”

“ಹಂಗ ಮಾಡ್ತೀನಿ, ಕಾಕಾ!”

ಮುದಕಪ್ಪ ಸುತ್ತಿದ. ಸಂದು ಬಿಡಬಾರದಲ್ಲವೆ? ತಂತಿಯನ್ನು ಅತ್ತಿತ್ತ ಸರಿಸದೆ ಒಂದೇ ಕಡೆ ಸುತ್ತಿದ. ರೀಲಿನ ನಡುವೆ ಹುತ್ತ ಎದ್ದಿತು. ದಾವಲಸಾಬ ತುದಿ ಹಿಡಿದು ಎಳೆದ. ಹುತ್ತ ಕುಸಿಯಿತು, ಸುತ್ತಿಗೆ ಸುತ್ತು ಸಿಕ್ಕಿಕೊಂಡಿತು, ತಂತಿಯ ಮೇಲಿನ ಲೇಪ ಸಿಪ್ಪೆಯಂತೆ ಕಿತ್ತುಬಂತು.

“ಇದನ್ನ ಹಾಕಿದರ ಮೋಟಾರು ಸುಡತೈತಿ! ನಾಳೆ ಹನ್ನೆರಡರೊಳಗ ಒಂದು ಚಲೋ ರೀಲು ಬರಬೇಕು. ಬರಲಿಲ್ಲಂದ್ರ ಈ ಕೆಲಸ ಬ್ಯಾರೇದವರಿಗೆ. ನಿಮ್ಮವ್ವಗ ಹೇಳು!”

ಮನೆಯ ಒಲೆ ಉರಿಯುತ್ತಿದ್ದುದೇ ಆ ಕೆಲಸದಿಂದ. ನಿಂಬೆವ್ವ ಮಗನ ಪಕ್ಕದಲ್ಲೇ ಕುಳಿತಳು.

“ಕೇಳೋ ನನ್ನಪ್ಪ. ಒಂದು ಸುತ್ತು ತಿರುಗಿದರ ತಂತಿ ತನ್ನ ದಪ್ಪದಷ್ಟ ಸರೀಬೇಕು. ಹೆಚ್ಚು ಸರಿದರ ಮ್ಯಾಲಿನ ಸುತ್ತು ಸಂದಿನಾಗ ಸಿಕ್ಕಿಬೀಳತೈತಿ. ಕಡಿಮಿ ಸರಿದರ ಗುಡ್ಡಿ ಬೀಳತೈತಿ. ಅಂಚು ಮುಟ್ಟಿತೋ, ಎರಡನೇ ಪದರ ಮೊದಲನೇದರ ಮ್ಯಾಲೆ ಹಾಸಿಕೋತ ಹಿಂದಕ ಬರಬೇಕು.”

ಮುದಕಪ್ಪ ಹಾಗೆಯೇ ಸುತ್ತಿದ. ಮರುದಿನ ಬೆಳಿಗ್ಗೆ ನಿಂಬೆವ್ವ ಸುತ್ತುಗಳ ಮೇಲೆ ಉಗುರು ಎಳೆದು ನೋಡಿದಳು, ಎಲ್ಲಿಯೂ ತಡೆಯಲಿಲ್ಲ.

“ಬಂಗಾರದಂಥ ರೀಲು! ಒಯ್ದು ಕೊಡು. ಕಲಿತಿದ್ದನ್ನ ದಾರಿಯಾಗ ಮರೀಬ್ಯಾಡ!”

ಮುದಕಪ್ಪ ಮರೆಯಲಿಲ್ಲ. ಹೊಸ್ತಿಲು ದಾಟಿ ಒಂದು ಸುತ್ತು ತಿರುಗಿದ, ತನ್ನ ಮೈಯಗಲದಷ್ಟು ಸರಿದ. ಇನ್ನೊಂದು ಸುತ್ತು, ಇನ್ನೊಂದು ಮೈಯಗಲ. ನೀರು ತರುತ್ತಿದ್ದ ಹೆಂಗಸರು ಕೊಡ ಇಳಿಸಿ ನಿಂತರು.

“ದೆವ್ವ ಬಡೀತೇನೋ?”

“ದೆವ್ವ ಅಲ್ಲ, ಮೊದಲನೇ ಪದರ!”

ದೆವ್ವವೇ ಎಂದು ಈಗಲೂ ಹೇಳುವವರಿದ್ದಾರೆ. ದೆವ್ವಕ್ಕೆ ಇಷ್ಟು ಶಿಸ್ತು ಇರುವುದು ಅನುಮಾನ.

ಹನ್ನೆರಡು ಹೊಡೆಯಿತು. ಓಣಿಯ ಕೊನೆಯ ಗೋಡೆಯನ್ನು ಮುದಕಪ್ಪ ಮುಟ್ಟುವುದಕ್ಕೂ, ದಾವಲಸಾಬ ಸಿಟ್ಟಿನಿಂದ ಬರುವುದಕ್ಕೂ ಸರಿಹೋಯಿತು. ರೀಲು ಕಸಿದು ತಂತಿ ಎಳೆದ. ಸರ್ರನೆ ಬಂತು, ಎಲ್ಲಿಯೂ ಸಿಕ್ಕಲಿಲ್ಲ.

“ಶಹಬ್ಬಾಸ್! ಕೆಲಸ ನಿಮಗ, ಹೋಗು. ಅವ್ವಗ ಹೇಳು.”

ಇತ್ತ ನಿಂಬೆವ್ವ ಬಾಗಿಲಲ್ಲಿ ಕಾದಳು. ಓಣಿಯಲ್ಲಿ ಮಗನಿಲ್ಲ. ಸಾಲುಮನೆಗಳ ಮಣ್ಣಿನ ಮಾಳಿಗೆಯ ಮೇಲೆ ದಬದಬ ಸದ್ದು. ತಲೆಯ ಮೇಲೆ ಮಣ್ಣು ಉದುರಿತು. ಕತ್ತೆತ್ತಿದಳು. ಮಗ ಗಿರ್ರನೆ ತಿರುಗುತ್ತ, ಮೈಯಗಲ ಸರಿಯುತ್ತ ಬರುತ್ತಿದ್ದ.

“ಕೆಲಸ ನಮಗ ಉಳೀತವ್ವ! ಮೊದಲನೇ ಪದರ ನೆಲದ ಮ್ಯಾಲೆ ಮುಗೀತು, ಗೋಡಿ ಹತ್ತಿ ಬಂದೆ, ಇದು ಎರಡನೇದು!”

“ಅಯ್ಯೋ, ಮನಿ ಬಂತು, ಸಾಕು ನಿಲ್ಲೋ!”

ಮುದಕಪ್ಪ ನಿಂತ. ಮಾಳಿಗೆಯ ಅಂಚು ನೋಡಿದ, ಆಕಾಶ ನೋಡಿದ.

“ಮೂರನೇದಕ್ಕ ಏಣಿ ಎಲ್ಲೈತವ್ವ?”