ಮೇಡಂಗೆ ಬೇಕಾದ ತಳ

ಹೂಂಗುಟ್ಟೋರು ಹೂಂಗುಟ್ಟಿ, ನಿದ್ದೆ ಬಂದೋರು ಮಲಗಿ, ನಾನಂತೂ ಹೇಳೋದು ಬಿಡಲ್ಲ.

ಮಂಚಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಅದೇ ಅವನ ರೋಗ. ಬೆಳಿಗ್ಗೆ ಕೆಲಸಕ್ಕೆ ಇಟ್ಟರೆ ಸಂಜೆಗೆ ವಾಪಸ್. ಕೊನೆಗೆ ಅವರಿವರ ಕೈಕಾಲು ಹಿಡಿದು ಕಾಲೇಜಿನ ಜಲಜಾಕ್ಷಿ ಮೇಡಂ ಹತ್ತಿರ ಸೇರಿಸಿದಳು. ಡೈರಿಯ ಯಂತ್ರಗಳಲ್ಲಿ ಹಾಲು ಸೀದು ಅಂಟಿಕೊಳ್ಳುತ್ತಲ್ಲ, ಅದನ್ನ ಬಿಡಿಸೋದು ಹೇಗೆ ಅಂತ ಆಯಮ್ಮ ಪರೀಕ್ಷೆ ಮಾಡ್ತಿದ್ದರು.

"ಪಾತ್ರೆ ಕಂಡರೆ ಫಳಫಳ ಅನ್ನಿಸು ಮಗ. ಈ ಕೆಲಸವೂ ಹೋದರೆ ನಾಳೆ ನಾನಿಲ್ಲದಾಗ ನಿನಗೆ ಗಂಜಿ ಹುಯ್ಯೋರಿಲ್ಲ" ಅಂದಳು ಮಂಚಮ್ಮ.

ಹೋದ. ಮೇಡಂ ಪರೀಕ್ಷೆಗೆ ಅಂತ ವಾರಗಟ್ಟಲೆ ಹಾಲು ಸೀಯಿಸಿ ಇಟ್ಟಿದ್ದ ಸ್ಟೀಲ್ ತಟ್ಟೆಗಳು ಸಾಲಾಗಿದ್ದವು. ಉಜ್ಜಿದ, ಉಜ್ಜಿದ, ಮುಖ ಕಾಣೋ ಹಾಗೆ ಉಜ್ಜಿದ.

"ನನ್ನ ಕೊಳೆ ಎಲ್ಲೋ?" ಮೇಡಂ ತಲೆ ಮೇಲೆ ಕೈ ಹೊತ್ತರು. "ಇನ್ಮೇಲೆ ಏನು ತೊಳೆಯೋದಿದ್ದರೂ ಮೊದಲು ನನಗೆ ತೋರಿಸು."

ಆಗಲಿ ಅಂದ. ಮಾರನೇ ದಿನ ಮುದ್ದೆ ಸಾರು ಉಂಡ. ಮೇಡಂ ಮೀಟಿಂಗಿನಲ್ಲಿದ್ದರು. ಎಂಜಲು ಕೈ ಚಾಚಿಕೊಂಡು ಬಾಗಿಲಲ್ಲಿ ನಿಂತ. ಸಾರು ಒಣಗಿತು, ನೊಣ ಬಂತು, ಸಂಜೆಯಾಯಿತು.

"ತೊಳೀಲಾ ಮೇಡಂ?"

ಮೇಡಂ ಮನೆಗೆ ಅಟ್ಟಿದರು. ಮಂಚಮ್ಮ ಬೈದಳು. "ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಗೊತ್ತಾಗಲ್ವ? ಒಳ್ಳೇದನ್ನ ಎತ್ತಿಡು, ಕೆಟ್ಟದ್ದನ್ನ ಎಸಿ. ಅಷ್ಟೇ."

ಅಷ್ಟೇ ಮಾಡಿದ. ಮೇಡಂ ಬೆಳಗಿನಿಂದ ಕಾದು ಸೀಯಿಸಿದ ಪಾತ್ರೆಯಲ್ಲಿ ಮೇಲಿನ ಹಾಲು ಸೋಸಿ ಚೊಂಬಿಗೆ ಹಾಕಿ ಮುಚ್ಚಿಟ್ಟ. ತಳದಲ್ಲಿ ಕರ್ರಗೆ ಕಚ್ಚಿಕೊಂಡಿದ್ದನ್ನ ಪಾತ್ರೆ ಸಮೇತ ತಿಪ್ಪೆಗೆ ಎಸೆದ.

"ಹಾಲು ತಗೊಂಡು ನಾನೇನು ಮಾಡಲೋ? ಚೆಲ್ಲು ಅದನ್ನ. ತಳದಲ್ಲಿ ಸೀದು ಅಂಟಿರುತ್ತಲ್ಲ, ನನಗೆ ಬೇಕಾದ್ದು ಅದೊಂದೇ. ಇನ್ನೊಂದು ಸಲ ಹೀಗಾದರೆ ಈ ಕಡೆ ತಲೆ ಹಾಕಬೇಡ" ಅಂದರು ಮೇಡಂ.

ಈ ಮಾತು ಮಂಚಮ್ಮನ ಕಿವಿಗೆ ಬಿತ್ತು. ಹೇಗಾದರೂ ಮೇಡಂ ಮನಸ್ಸು ಕರಗಿಸಬೇಕು ಅಂತ ಭಾನುವಾರ ಊಟಕ್ಕೆ ಕರೆದಳು. ಮನೇಲಿದ್ದ ಹಾಲನ್ನೆಲ್ಲ ಸುರಿದು ಶಾವಿಗೆ ಪಾಯಸಕ್ಕಿಟ್ಟಳು. "ಒಲೆ ಕಡೆ ನಿಗಾ ಇರಲಿ ಮಗ. ಮೇಡಂಗೆ ಏನು ಬೇಕೋ ಅದನ್ನೇ ಬಡಿಸಬೇಕು" ಅಂತ ಹೇಳಿ, ಅವರನ್ನ ಕರೆತರೋಕೆ ಬಸ್‌ಸ್ಟಾಪಿಗೆ ಹೋದಳು.

ಮೇಡಂ ಬಂದರು, ಎಲೆ ಮುಂದೆ ಕೂತರು. ಬೋರಲಿಂಗ ಪಾಯಸದ ಪಾತ್ರೆ ತಂದು ಎಲೆ ಮೇಲೇ ಇಟ್ಟ. ಒಳಗೆ ತಳದಲ್ಲಿ ಇದ್ದಿಲಿನಂಥ ಕರಕು.

"ಪಾಯಸ ಎಲ್ಲೋ?" ಅಂದಳು ಮಂಚಮ್ಮ.

"ಚೆಲ್ಲಿದೆ ಕಣವ್ವ. ಮೇಡಂಗೆ ಅದು ಬೇಡ."

ಮಂಚಮ್ಮ ಗೋಳೋ ಅಂತ ಅತ್ತಳು. ಮೇಡಂ ಪಾತ್ರೆ ನೋಡಿದರು, ಅವನ ಮುಖ ನೋಡಿದರು, ಬಿದ್ದು ಬಿದ್ದು ನಕ್ಕರು.

"ಅಳಬೇಡಿ ಮಂಚಮ್ಮ. ಇವನ ಕೆಲಸ ಎಲ್ಲೂ ಹೋಗಲ್ಲ. ಇಷ್ಟು ನಿಯತ್ತಾಗಿ ಸೀಯಿಸೋನು ನನಗೆ ಇನ್ನೆಲ್ಲಿ ಸಿಗ್ತಾನೆ? ಹೊಟ್ಟೆ ಹಸೀತಿದೆ, ಒಂದಿಷ್ಟು ಅನ್ನ ಹಾಕಿ ಸಾಕು."

ಮಂಚಮ್ಮನಿಗೆ ಹೋದ ಜೀವ ಬಂತು. ಕಣ್ಣೊರೆಸಿಕೊಂಡು, "ಬೇಗ ಅನ್ನದ ತಪ್ಪಲೆ ತಾರೋ ಮಗ" ಅಂದಳು.

ಬೋರಲಿಂಗ ಒಲೆ ಕಡೆ ಇಣುಕಿ ನೋಡಿ ಅಂದ:

"ತಡಿಯವ್ವ, ಅದಿನ್ನೂ ಅರ್ಧಾನೇ ಸೀದಿರೋದು."