ಜೋಡಿಗೌಂಡಿ ಮಸೀದಿ

ಭೀಮಾ ತೀರದ ತೊಗರಾಳದಲ್ಲಿ, ಊರು ಮುಗಿದ ಮೇಲೆ, ಜಾಲಿಕಂಟಿಗಳ ನಡುವೆ ಇಟ್ಟಿಗೆಯ ಮಸೀದಿಯೊಂದು ನಿಂತಿದೆ. ಸುತ್ತ ಹತ್ತೂರಲ್ಲೂ ಕಲ್ಲಿನ ಕಟ್ಟಡಗಳೇ. ಇದೊಂದಕ್ಕೆ ಮಾತ್ರ ಹೊಳೆಯ ಮಣ್ಣು ಸುಟ್ಟು ಮಾಡಿದ ತೆಳ್ಳನೆಯ ಕೆಂಪು ಇಟ್ಟಿಗೆ. ಗಿಲಾವು ಬಳಿದಿಲ್ಲ. ಬಳಿದಿದ್ದರೆ ಕಮಾನುಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಹೆಣೆದ ಅಂಚು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಸಂಜೆ ಬಿಸಿಲಿನಲ್ಲಿ ಅದನ್ನು ನೋಡಬೇಕು. ಆದರೆ ನೋಡಲು ಬರುವವರೇ ಕಡಿಮೆ. ಬಂದವರೂ ಗುಮ್ಮಟದ ನೆತ್ತಿಯಲ್ಲಿರುವ ತೂತು ನೋಡಿ, ಕಳ್ಳರು ನಿಧಿಗಾಗಿ ಕೊರೆದದ್ದೇ ಎಂದು ಕೇಳಿ ಹೋಗುತ್ತಾರೆ. ಅಷ್ಟೆತ್ತರ ಹತ್ತಿ ನಿಧಿ ಹುಡುಕುವ ಕಳ್ಳನನ್ನು ನಾನಂತೂ ಕಂಡಿಲ್ಲ.

ಹಿಂದೆ ಒಮ್ಮೆ, ಯಾವುದೋ ಸುಲ್ತಾನರ ಕಾಲದಲ್ಲಿ, ಲಾಡ್ಲೇಸಾಬ ಮತ್ತು ದೇವಿಂದ್ರಪ್ಪ ಎಂಬ ಇಬ್ಬರು ಗೌಂಡಿಗಳು ಇದನ್ನು ಕಟ್ಟಲು ಬಂದರು ಎನ್ನುತ್ತಾರೆ. ಆಗಿನ ಗೌಂಡಿಗಳು ಗುಮ್ಮಟವನ್ನು ಜೋಡಿಯಾಗಿಯೇ ಕಟ್ಟುತ್ತಿದ್ದರು. ಒಬ್ಬ ಮೂಡಲಿಗೆ, ಇನ್ನೊಬ್ಬ ಪಡುವಲಿಗೆ. ನಡುವಿನ ಗೂಟಕ್ಕೆ ಇಬ್ಬರದೂ ಒಂದೊಂದು ದಾರ. ದಾರದ ತುದಿ ಮುಟ್ಟಿದಲ್ಲಿ ಇಟ್ಟಿಗೆ. ಸುತ್ತು ಸುತ್ತಾಗಿ ಏರಿ, ನೆತ್ತಿಯ ಕಡೆಯ ಇಟ್ಟಿಗೆಯನ್ನು ಇಬ್ಬರೂ ಕೈಗೂಡಿಸಿ ಕೂರಿಸುವುದು ಪದ್ಧತಿ. ಗುಮ್ಮಟ ಅರ್ಧ ಏರಿದ್ದಾಗ ಒಂದು ಬೆಳಿಗ್ಗೆ ಎರಡೂ ಕಡೆಯ ಸಾಲು ಕೂಡಲಿಲ್ಲ. ಲಾಡ್ಲೇಸಾಬ ಹಿರಿಯ, ಸಾಲದ್ದಕ್ಕೆ ಮುಂಗೋಪಿ. ಕೂಲಿಯವರೆಲ್ಲ ನೋಡುತ್ತಿರುವಾಗಲೇ ದೇವಿಂದ್ರಪ್ಪನ ಸಾಲನ್ನು ಗಾರೆ ಮೆತ್ತುವ ಕರಣಿಯಿಂದ ಎಬ್ಬಿಸಿ ಕೆಳಗೆಸೆದ. ದೇವಿಂದ್ರಪ್ಪ ತನ್ನ ಕರಣಿ ತೊಳೆದುಕೊಂಡು ಹೊಳೆ ದಾಟಿ ಹೋದ. ಆಮೇಲೆ ನೋಡಿದರೆ ತಪ್ಪು ಲಾಡ್ಲೇಸಾಬನ ದಾರದ್ದೇ. ಹಿಂದಿನ ದಿನ ಅದು ಇಟ್ಟಿಗೆ ನೆನೆಹಾಕುವ ತೊಟ್ಟಿಗೆ ಬಿದ್ದು, ನೂಲು ನೆನೆದು ಗಿಡ್ಡವಾಗಿತ್ತು. ಒಳಕ್ಕೆ ಸರಿದದ್ದು ಅವನ ಸಾಲು.

ಅವನು ತನ್ನ ಸಾಲನ್ನೂ ಕಿತ್ತ. ಜೊತೆಗಾರನನ್ನು ಕರೆತರಲು ಹೋದವರೆಲ್ಲ ಅವನಿಲ್ಲದೆಯೇ ಮರಳಿ ಬಂದರು. ಕೊನೆಗೆ ಲಾಡ್ಲೇಸಾಬ ಎರಡೂ ಕಡೆ ತಾನೇ ಕಟ್ಟುತ್ತ ನೆತ್ತಿ ಮುಟ್ಟಿದ. ಕಡೆಯ ಇಟ್ಟಿಗೆ ಮಾತ್ರ ಉಳಿಯಿತು. ಮಳೆಗಾಲದಲ್ಲಿ ನಮಾಜಿನ ಜಾಗ ನೆನೆಯುತ್ತದೆ, ಮುಚ್ಚಿಬಿಡು ಎಂದರು ಊರವರು.

“ಅವನ ಕೈ ಇಲ್ದ ಮುಚ್ಚಿದ್ರ, ಅವ ಇಲ್ಲಿ ಕೆಲಸಾನೇ ಮಾಡಿಲ್ಲ ಅಂದಂಗಾಗ್ತದ,” ಎಂದನಂತೆ ಲಾಡ್ಲೇಸಾಬ.

ಇಟ್ಟಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟು, ಒಬ್ಬರೇ ಇದನ್ನು ಎತ್ತಬಾರದೆಂದು ಹೇಳಿ, ಹೊಳೆಯ ದಾರಿ ನೋಡುತ್ತಲೇ ಮುದುಕನಾಗಿ ಸತ್ತ. ಮಸೀದಿಯನ್ನು ಯಾರಾದರೂ ತನ್ನ ಹೆಸರಿನಿಂದ ಕರೆದರೆ ಸಿಡುಕಿ, ಜೋಡಿಗೌಂಡಿ ಮಸೀದಿ ಎಂದು ತಿದ್ದುತ್ತಿದ್ದನಂತೆ. ಆ ಹೆಸರೇ ನಿಂತಿತು. ದೇವಿಂದ್ರಪ್ಪ ಏನಾದನೆಂದು ಯಾರಿಗೂ ತಿಳಿಯದು. ಇದನ್ನು ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಈಗಲೂ ಆ ತೂತಿನಿಂದ ಬಿಸಿಲು ನೆಲಕ್ಕೆ ಬೀಳುತ್ತದೆ. ಇಟ್ಟಿಗೆ ಗೂಡಿನಲ್ಲೇ ಇದೆ. ಅದನ್ನು ಇಳಿಸಿ ಒರೆಸಿಡುವುದು ಮಸೀದಿ ನೋಡಿಕೊಳ್ಳುವ ಕಾಸಿಂಅಲಿ ಮತ್ತು ಅವನ ಹೆಂಡತಿಯ ಕೆಲಸವಾಗಿತ್ತು. ಮೊನ್ನೆ ಹೋದಾಗ ಅದರ ಮೇಲೆ ದಪ್ಪಗೆ ಧೂಳು ಕೂತಿತ್ತು. ಯಾಕೆಂದು ಕೇಳಿದೆ.

“ಆಕಿ ತೀರಿಕೊಂಡ ಮ್ಯಾಲ ಇಳಿಸೇ ಇಲ್ರಿ. ಒಬ್ಬನ ಹೆಂಗ ಎತ್ತಲಿ? ಆ ಕಡಿ ಹಿಡೀರಿ,” ಎಂದ.

ಹಿಡಿದೆ. ಹಗುರವಾದ ಇಟ್ಟಿಗೆ, ಒಂದು ಕೈಗೂ ಭಾರವಲ್ಲ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ನಿಧಾನವಾಗಿ ಒರೆಸಿದ. ಮರಳಿ ಗೂಡಿಗಿಡಲು ನಾನು ಎತ್ತಿದರೆ ಅವನ ಕೈ ಜೊತೆಗೆ ಬರಲಿಲ್ಲ.

“ಸ್ವಲ್ಪ ತಡೀರಿ. ಆ ಕಡಿ ಯಾವಾಗ್ಲೂ ಆಕಿ ಹಿಡೀತಿದ್ಲು,” ಎಂದ.