ಹುಳಿಯಾಗದ ಮೊಸರು

"ಗುರುಗಳೇ, ತಾಯಿ ತೀರಿಕೊಂಡ ಸುದ್ದಿ ಊರಿನಿಂದ ಬಂತು. ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಮನಸ್ಸು ಅಲುಗಲಿಲ್ಲ. ನನಗೆ ಶಾಂತಿ ಸಿಕ್ಕಿತು ಎಂದುಕೊಳ್ಳಲೇ?" ಎಂದು ಶಿಷ್ಯ ಕೇಳಿದ.

ಇಬ್ಬರೂ ಊಟಕ್ಕೆ ಕುಳಿತಿದ್ದರು. ಮಠದ ಮೊಸರು ಹುಳಿ ಎಂದು ಶಿಷ್ಯ ಮೊಸರನ್ನವನ್ನು ಎಲೆಯ ಬದಿಗೆ ಸರಿಸಿದ್ದ. ಗುರುಗಳು ಅದನ್ನು ನೋಡಿ ಒಂದು ಕತೆ ಹೇಳಿದರು.

ಒಬ್ಬ ತಾಯಿ ಇದ್ದಳು. ಅವಳಿಗೆ ಒಬ್ಬನೇ ಮಗ. ಜ್ವರದಿಂದ ಎದ್ದ ಮಗುವಿಗೆ ದಿನವೂ ಮೊಸರನ್ನ ಕೊಡು ಎಂದು ವೈದ್ಯ ಹೇಳಿದ್ದ. ಮನೆಯಲ್ಲಿ ಮೊಸರಿತ್ತು. ಅತ್ತೆಯ ಕಾಲದಿಂದ ದಿನಾ ಒಂದು ಚಮಚ ಉಳಿಸಿ, ಮರುದಿನದ ಹಾಲಿಗೆ ಅದನ್ನೇ ಹೆಪ್ಪು ಹಾಕಿ ನಡೆಸಿಕೊಂಡು ಬಂದ ಮೊಸರು. ಆದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಬರುತ್ತಿತ್ತು. ಮಗು ಮುಖ ಕಿವಿಚಿ ಉಗುಳುತ್ತಿತ್ತು. ಹಿತ್ತಲ ಗಿಡ ಎಂದಾದರೂ ಮದ್ದಾಗುತ್ತದೆಯೇ!

ಒಂದು ದಿನ ಬೀದಿಗೆ ಒಬ್ಬ ವ್ಯಾಪಾರಿ ಬಂದ. ಕುಡಿಕೆಯ ಮುಚ್ಚಳ ತೆಗೆದು ತೋರಿಸಿದ.

"ಇವತ್ತೂ ಸಿಹಿ, ಬರುವ ವರ್ಷವೂ ಸಿಹಿ ತಾಯಿ. ಇದು ಹುಳಿಯಾಗುವುದೇ ಇಲ್ಲ."

ಗಟ್ಟಿ ಮೊಸರು, ಅಚ್ಚ ಬಿಳುಪು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವ ಜನವೇ ಮುಗಿಬಿದ್ದು ಕೊಂಡರು. ತಾಯಿಯೂ ಕೊಂಡಳು. ಇನ್ನೇಕೆ ಈ ರಗಳೆ ಎಂದು ಮನೆಯ ಹೆಪ್ಪನ್ನು ಬಚ್ಚಲಿಗೆ ಚೆಲ್ಲಿದಳು.

ಕುಡಿಕೆ ಮುಗಿದಾಗಲೆಲ್ಲ ವ್ಯಾಪಾರಿ ಹೊಸದು ತಂದುಕೊಟ್ಟ. ಮಗು ಇಷ್ಟಪಟ್ಟು ತಿಂದಿತು. ಹಟ ಬಿಟ್ಟಿತು. ಅಳು ಬಿಟ್ಟಿತು. ಕೂರಿಸಿದಲ್ಲೇ ಕೂತಿತು. "ಎಂಥ ಸಾಧು ಮಗು!" ಎಂದು ನೆರೆಯವರು ಹೊಗಳಿದರು. ಅವರ ಮಕ್ಕಳೂ ಹಾಗೆಯೇ ಕೂತಿದ್ದವು. ಮುಚ್ಚಲು ಮರೆತ ಕುಡಿಕೆಯನ್ನು ಇರುವೆಯ ಸಾಲು ದೂರದಿಂದಲೇ ಬಳಸಿಕೊಂಡು ಹೋಯಿತು. ಬೆಕ್ಕು ಮೂಸಿ ಹಿಂದೆ ಸರಿಯಿತು. ಅದನ್ನು ಕಂಡ ತಾಯಿ, ಒಳ್ಳೆಯದೇ ಆಯಿತು ಎಂದುಕೊಂಡಳು.

ಒಂದು ಬೆಳಗ್ಗೆ ಉಗುರು ಕತ್ತರಿಸೋಣವೆಂದು ಮಗುವಿನ ಕೈ ಹಿಡಿದಳು. ಉಗುರು ಬೆಳೆದಿರಲಿಲ್ಲ. ಮಳೆಗಾಲದಲ್ಲಿ ಅವಳು ಓರೆಯಾಗಿ ಕತ್ತರಿಸಿದ ಗುರುತು ಹಾಗೆಯೇ ಇತ್ತು. ಈಗ ಚಳಿಗಾಲ ಮುಗಿಯುತ್ತ ಬಂದಿತ್ತು. ಆ ಮಳೆಗಾಲದಲ್ಲೇ ಬಿದ್ದು ಮಾಡಿಕೊಂಡ ಮೊಣಕಾಲಿನ ಗಾಯ ನೋಡಿದಳು. ಅದು ಮಾಯ್ದಿರಲಿಲ್ಲ, ಕೀವೂ ಆಗಿರಲಿಲ್ಲ. "ಕಂದಾ" ಎಂದಳು. ಮಗು ನಕ್ಕಿತು. ನಿನ್ನೆ ನಕ್ಕಷ್ಟೇ ನಕ್ಕಿತು.

ಅವಳು ಹಾಲು ಬೆಚ್ಚಗೆ ಮಾಡಿ ವ್ಯಾಪಾರಿಯ ಮೊಸರನ್ನೇ ಹೆಪ್ಪು ಹಾಕಿದಳು. ಸಂಜೆಯಾದರೂ ಹಾಲು ಹಾಲಾಗಿಯೇ ಇತ್ತು. ಆಗ ಭಯದಿಂದ ಬೀದಿಗೆ ಓಡಿದಳು. ಒಂದೊಂದು ಬಾಗಿಲಲ್ಲೂ ಒಂದು ಚಮಚ ಹೆಪ್ಪು ಕೇಳಿದಳು. ಎಲ್ಲರೂ ಚೆಲ್ಲಿಯಾಗಿತ್ತು. ಹೊಸ್ತಿಲ ಮೇಲೆ ಕೂತ ಮಕ್ಕಳು ರೆಪ್ಪೆ ಬಡಿಯದೆ ಅವಳನ್ನು ನೋಡಿದವು.

ಬೀದಿಯ ಕೊನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಮೊಸರಿನ ಹುಳಿವಾಸನೆಗೆ ಜನ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಅವಳು ಆಗಷ್ಟೇ ದೇವರ ದೀಪ ಹಚ್ಚಿದ್ದಳು.

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಕಣವ್ವ. ಮನೆ ಲಕ್ಷ್ಮಿ ಹೋಗ್ತಾಳೆ."

"ಅಜ್ಜಿ, ನನ್ನ ಮಗ ಬೆಳೀತಾನೇ ಇಲ್ಲ."

ಮುದುಕಿ ಅವಳ ಮುಖ ನೋಡಿದಳು. ಬಗ್ಗಿ ತನ್ನ ದೀಪವನ್ನು ತಾನೇ ಊದಿ ಆರಿಸಿದಳು. "ನೋಡು, ನಾನಿನ್ನೂ ದೀಪ ಹಚ್ಚಿಲ್ಲ. ತಗೊಂಡು ಹೋಗು" ಎಂದು ಕತ್ತಲಲ್ಲೇ ತಡಕಾಡಿ ಒಂದು ಚಮಚ ಕೊಟ್ಟಳು.

ಬೆಳಗ್ಗೆ ಹಾಲು ಹೆಪ್ಪುಗಟ್ಟಿತ್ತು. ತಾಯಿ ಅನ್ನ ಕಲಸಿ ಒಂದು ತುತ್ತು ಇಟ್ಟಳು. ಮಗು ಮುಖ ಕಿವಿಚಿತು. ಉಗುಳಿತು. ಬಟ್ಟಲು ಒದ್ದು, ಬೀದಿಯೆಲ್ಲ ಕೇಳುವಂತೆ ಅತ್ತಿತು. ತಾಯಿ ಅದನ್ನು ಅಪ್ಪಿಕೊಂಡು ತಾನೂ ಅತ್ತಳು. ಆ ಸದ್ದಿಗೆ ಎದುರುಮನೆಯ ಬಾಗಿಲು ತೆರೆಯಿತು. ಒಬ್ಬಳು ಖಾಲಿ ಲೋಟ ಹಿಡಿದು ಹೊರಗೆ ಬಂದಳು. ಅವಳ ಹಿಂದೆ ಮತ್ತೊಬ್ಬಳು.

ಗುರುಗಳು ಕತೆ ನಿಲ್ಲಿಸಿ ತಮ್ಮ ಎಲೆಯ ಮೊಸರನ್ನವನ್ನು ಕೊನೆಯ ಅಗುಳಿನವರೆಗೂ ರುಚಿ ನೋಡುತ್ತ ಉಂಡರು. ಶಿಷ್ಯ ಕಾದ.

"ಹಾಗಾದರೆ ನನ್ನ ಶಾಂತಿ?" ಎಂದು ಕೇಳಿದ.

"ಎಲ್ಲಿ, ಕೈ ಚಾಚು, ನಿನ್ನ ಉಗುರು ನೋಡೋಣ."

ಶಿಷ್ಯ ಕೈ ಚಾಚಲಿಲ್ಲ. ಎಲೆಯ ಬದಿಗೆ ಸರಿಸಿದ್ದ ಮೊಸರನ್ನವನ್ನು ಎಳೆದುಕೊಂಡು ಒಂದು ತುತ್ತು ಬಾಯಿಗಿಟ್ಟ.